ಕೊನೆಯ ದೋಣಿ ತಟ್ಟಿದ್ದೆಷ್ಟು?

"ಪೆನ್ನು ಕೆಳಗಿಡು," ಎಂದಳು ಇನ್‌ಸ್ಪೆಕ್ಟರ್.

ಹುಡುಗಿ ಇಡಲಿಲ್ಲ. ಹೇಳಿಕೆಯ ಹಾಳೆಯ ಕೆಳಗೆ, ಸಹಿ ಬೀಳಬೇಕಾದ ಜಾಗದಲ್ಲಿ ಪೆನ್ನಿನ ಮೂತಿ ಊರಿಕೊಂಡು ಕೂತಿದ್ದಳು. ಶಾಯಿ ಮೊದಲು ಚುಕ್ಕಿಯಾಯಿತು, ಆಮೇಲೆ ಮಚ್ಚೆಯಾಯಿತು.

"ಬರೆದಿರೋದೆಲ್ಲ ನಾನು ಹೇಳಿದ್ದೇ ಮೇಡಂ. ಆವತ್ತು ನಾಯಕಿ ನಾನು. ದೋಣಿ ಹೊತ್ಕೊಂಡು ದಡದಲ್ಲಿ ನಡೀಬೇಕಾ, ಸೆಳವಲ್ಲೇ ಇಳೀಬೇಕಾ ಅಂತ ತೀರ್ಮಾನ ಮಾಡಿದ್ದು ನಾನು. ಸೆಳವು ಅಂದೆ. ಮೇಷ್ಟ್ರು ಸತ್ರು."

"ಚೆನ್ನಾಗಿ ಜೋಡಿಸಿದೀಯ. ಯಾರು ಹೇಳ್ಕೊಟ್ರು?"

ಹುಡುಗಿಯ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಚೌಕಟ್ಟು ಹಾಕಿಸಿದ ಹಲಗೆಯೊಂದಿತ್ತು: ‘ನೆಪ ಹೇಳುವವರು ನಾಯಕರಲ್ಲ.’ ಹಲಗೆಯ ಕೆಳಗೆ, ಮೆತ್ತನೆಯ ಕುರ್ಚಿಯಲ್ಲಿ, ಶಿಬಿರದ ನಿರ್ದೇಶಕರಿದ್ದರು.

ಶಿಬಿರದ ಕಸುಬು ಇಷ್ಟು. ಬೇಸಿಗೆ ರಜೆಯಲ್ಲಿ ಹದಿಹರೆಯದ ಮಕ್ಕಳನ್ನು ದೋಣಿ ಹತ್ತಿಸಿ, ಕಾಡಿನ ನಡುವಿನ ಸರೋವರ ದಾಟಿಸಿ, ಹೊಳೆ ಇಳಿಸಿ, ಹೋಗುವಾಗ ಮಕ್ಕಳಾಗಿದ್ದವರನ್ನು ಬರುವಾಗ ನಾಯಕರನ್ನಾಗಿ ಮಾಡಿ ಹೆತ್ತವರಿಗೆ ಒಪ್ಪಿಸುವುದು. ಈ ಸಲ ಮಕ್ಕಳೆಲ್ಲ ವಾಪಸು ಬಂದರು, ಕರೆದುಕೊಂಡು ಹೋದ ಮೇಷ್ಟ್ರು ಬರಲಿಲ್ಲ. ಅವರ ಹೆಣ ಸೆಳವಿನ ಬಂಡೆಗಳ ಸಂದಿಯಲ್ಲಿ ಸಿಕ್ಕಿತು. ದೋಣಿ ಇನ್ನಷ್ಟು ಕೆಳಗೆ, ಮಡುವಿನಲ್ಲಿ ಮಗುಚಿಕೊಂಡಿತ್ತು.

ಹೊಣೆ ಹೊರುವುದನ್ನು ಕಲಿಸುವ ಸಂಸ್ಥೆ ಅದು. ಹೆಣ ಹೊರುವುದಕ್ಕೆ ನಾಲ್ಕು ಜನ ಬೇಕಾದರು. ಹೊಣೆ ಹೊರುವುದಕ್ಕೆ ಒಬ್ಬಳೇ ಸಾಕಾದಳು.

"ಮೇಡಂ, ಮಕ್ಕಳನ್ನ ಕರ್ಕೊಂಡ್ಹೋಗೋಕೆ ಬಸ್ಸು ಬಂದು ನಿಂತಿದೆ," ಎಂದರು ನಿರ್ದೇಶಕರು. "ಇದು ಅಪಘಾತ. ತನ್ನ ತೀರ್ಮಾನ ತಪ್ಪಾಯ್ತು ಅಂತ ಅವಳೇ ಒಪ್ಕೊಂಡಿದಾಳೆ. ಒಪ್ಕೊಳ್ಳೋದೇ ನಿಜವಾದ ನಾಯಕತ್ವ."

"ನೀವು ಯಾವಾಗ ತೋರಿಸ್ತೀರಿ, ನಾಯಕತ್ವ?"

"ನಾನಾ? ನಾನು ನಿರ್ದೇಶಕ."

"ಅದೇ ಅಂದ್ಕೊಂಡೆ."

ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಅವಳ ಅಪ್ಪ ಕೂತಿದ್ದರು. ಹಲ್ಲಿನ ಡಾಕ್ಟರು. ಸುದ್ದಿ ಕೇಳಿದ ಕೂಡಲೇ ಊರಿನಿಂದ ಕಾರು ಓಡಿಸಿಕೊಂಡು ಬಂದವರು. ಇಸ್ತ್ರಿ ಮಾಡಿದ ಅಂಗಿ, ಕತ್ತರಿಸಿ ಒಪ್ಪ ಮಾಡಿದ ಉಗುರು, ಯಾರನ್ನೂ ಬೆಚ್ಚಿಸದ ದನಿ. ಮಗಳ ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಟ್ಟಿದ್ದರು.

"ಹಾಕ್ಬಿಡು ಪುಟ್ಟಿ. ಒಂದು ಸ್ವಲ್ಪ ನೋವಾಗುತ್ತೆ, ಆಮೇಲೆ ಏನೂ ಇರಲ್ಲ." ಈ ಮಾತನ್ನು ಅವರು ಸಾವಿರಾರು ಬಾಯಿಗಳ ಮುಂದೆ ಹೇಳಿರಬೇಕು, ಅಷ್ಟು ಸಲೀಸಾಗಿ ಬಂತು. "ಇನ್ನೂ ಚಿಕ್ಕವಳು ಮೇಡಂ. ಅಪಘಾತ ಅಂತ ಬರ್ಕೊಂಡ್ರೆ ಕೋರ್ಟಲ್ಲೂ ಇವಳಿಗೇನೂ ಆಗಲ್ಲ, ಅಲ್ವಾ?"

"ಏನೂ ಆಗಲ್ಲ. ಬದುಕಿರೋವರೆಗೂ ನಾನೇ ಕೊಂದೆ ಅಂದ್ಕೊಂಡು ಬದುಕ್ತಾಳೆ, ಅಷ್ಟೇ."

ಇನ್‌ಸ್ಪೆಕ್ಟರ್ ಬಗ್ಗಿ, ಹುಡುಗಿಯ ಬೆರಳ ಸಂದಿಯಿಂದ ಪೆನ್ನನ್ನು ನಿಧಾನವಾಗಿ ಬಿಡಿಸಿಕೊಂಡಳು.

"ಸಹಿ ಎಲ್ಲೂ ಓಡಿಹೋಗಲ್ಲ. ಅದಕ್ಕೆ ಮುಂಚೆ ನಂಗೊಂದು ಪಾಠ ಹೇಳ್ಕೊಡು. ದೋಣಿ ಪಾಠ. ನಮ್ಮ ದಫೇದಾರ್ರು ಕಲೀಬೇಕಂತೆ."

ಬಾಗಿಲ ಬಳಿ ನಿಂತಿದ್ದ ದಫೇದಾರ ತನ್ನ ಹಿಂದೆ ಬೇರೆ ಯಾರಾದರೂ ದಫೇದಾರರಿದ್ದಾರೆಯೇ ಎಂದು ತಿರುಗಿ ನೋಡಿದ.

*

ದೋಣಿಮನೆಯಲ್ಲಿ ವಾರ್ನಿಶ್ಶಿನ ಘಾಟು, ಒದ್ದೆ ಕ್ಯಾನ್ವಾಸಿನ ಮುಗ್ಗಲು. ಮೊಳೆಗಳಿಗೆ ಲೈಫ್ ಜಾಕೆಟ್ಟುಗಳು ನೇತುಬಿದ್ದಿದ್ದವು, ತಲೆಯಿಲ್ಲದ ಜನ ಸಾಲಾಗಿ ನಿಂತ ಹಾಗೆ. ಗೋಡೆಗೆ ಒರಗಿದ ಹುಟ್ಟುಗಳ ಮೇಲೆ ಒಂದೊಂದು ಅಡ್ಡಹೆಸರು. ಶಿಬಿರದಲ್ಲಿ ಯಾರಿಗೂ ಮನೆಯ ಹೆಸರಿಲ್ಲ. ನೀರಿಗಿಳಿದ ಮೊದಲ ದಿನವೇ ಹೊಸದೊಂದನ್ನು ಅಂಟಿಸುತ್ತಾರೆ. ಈ ಹುಡುಗಿಯದು ‘ಚುಕ್ಕಾಣಿ’.

ಮೇಷ್ಟ್ರ ಹುಟ್ಟೂ ಅಲ್ಲೇ ಇತ್ತು. ಸಾವಿನ ನಂತರವೂ ಹುಟ್ಟು ಉಳಿಯುವ ಭಾಗ್ಯ ದೋಣಿಯವರಿಗೆ ಮಾತ್ರ.

"ಮೇಡಂ, ನಂಗೆ ಈಜು ಬರಲ್ಲ," ಎಂದ ದಫೇದಾರ.

"ಜಾಕೆಟ್ ಹಾಕ್ಕೊಳ್ಳಿ."

"ಜಾಕೆಟ್ಟಿಗೆ ಬರುತ್ತಾ?"

ಚುಕ್ಕಾಣಿ ಮಾತಿಲ್ಲದೆ ಒಂದು ಜಾಕೆಟ್ ಆರಿಸಿ ಅವನಿಗೆ ತೊಡಿಸಿದಳು. ಬಕಲು ಹಾಕಿ, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿ, ಕಿವಿಯವರೆಗೆ ಏರುತ್ತದೆಯೇ ನೋಡಿ, ಇನ್ನೊಂದು ಸುತ್ತು ಬಿಗಿದಳು.

ಮೇಷ್ಟ್ರ ದೋಣಿ ಸಿಕ್ಕಿದ ಸ್ಥಿತಿಯಲ್ಲೇ ಇತ್ತು. ಒಂದೇ ಒಂದು ಗಂಟನ್ನೂ ಯಾರೂ ಬಿಚ್ಚಕೂಡದೆಂದು ಇನ್‌ಸ್ಪೆಕ್ಟರ್ ಬಂದ ದಿನವೇ ಅಪ್ಪಣೆ ಮಾಡಿದ್ದಳು. ದೋಣಿ ಮಗುಚಿದರೂ ಸಾಮಾನಿನ ಚೀಲ ಕಳಚಿರಲಿಲ್ಲ. ಅಡ್ಡಪಟ್ಟಿಗಳ ನಡುವೆ, ದೋಣಿಯ ಹೊಟ್ಟೆಯ ಮಧ್ಯಕ್ಕೆ, ಹಗ್ಗ ಸುತ್ತಿ ಕಟ್ಟಿದ್ದು ಹಾಗೇ ಇತ್ತು. ಮೂರೂ ಜನ ಸೇರಿ ದೋಣಿಯನ್ನು ಕಟ್ಟೆಯ ಅಂಚಿಗೆ ಎಳೆದು ನೀರಿಗೆ ಬಿಟ್ಟರು. ಚುಕ್ಕಾಣಿ ತಲೆಯೆತ್ತದೆ ಎಳೆದಳು. ಆ ದೋಣಿಯನ್ನು ನೋಡುವ ಮನಸ್ಸು ಅವಳಿಗಿರಲಿಲ್ಲ.

"ದೋಣಿ ವಿಷಯ ನಂಗೆ ಸೊನ್ನೆ," ಎಂದಳು ಇನ್‌ಸ್ಪೆಕ್ಟರ್. "ಮೇಷ್ಟ್ರು ಒಬ್ಬರೇ ಇದ್ರು ಅಂತೀರಿ ಎಲ್ಲರೂ. ಒಬ್ಬರೇ ಇದ್ರೆ ಎಲ್ಲಿ ಕೂರ್ತಾರೆ?"

"ಹಿಂದಿನ ಸೀಟಲ್ಲಿ."

"ದಫೇದಾರ್ರೇ, ಹಿಂದಿನ ಸೀಟು."

ದಫೇದಾರ ತೂಕದ ಮನುಷ್ಯ. ಇಲಾಖೆಯಲ್ಲಿ ಅವನ ಮಾತಿಗೆ ತೂಕವಿಲ್ಲದ ಕೊರತೆಯನ್ನು ದೇಹವೇ ತುಂಬಿಕೊಟ್ಟಿತ್ತು. ಅವನು ಕೂತದ್ದೇ ತಡ, ದೋಣಿಯ ಮುಂದಿನ ಮೂತಿ ನೀರು ಬಿಟ್ಟು ಮೇಲಕ್ಕೆದ್ದಿತು. ಸರೋವರದಿಂದ ಬೀಸಿದ ಗಾಳಿ ಆ ಎದ್ದ ಮೂತಿಯನ್ನು ಹಿಡಿದು ಒಂದು ಸುತ್ತು ತಿರುಗಿಸಿತು. ಅವನು ಹುಟ್ಟನ್ನು ನೀರಿಗೆ ಹಾಕಿದ. ದೋಣಿ ಇನ್ನೊಂದು ಸುತ್ತು ತಿರುಗಿತು.

"ಮೇಡಂ, ಇದು ಮುಂದಕ್ಕೆ ಹೋಗಲ್ಲ ಅಂತಿದೆ. ನಮ್ಮ ಪ್ರಮೋಷನ್ ಫೈಲಿನ ತರ."

"ಅಲ್ಲಾಡ್ಬೇಡಿ ಸರ್. ಕೂತಲ್ಲೇ ಕೂತಿರಿ."

ಚುಕ್ಕಾಣಿ ಸೊಂಟದವರೆಗೆ ನೀರಿಗಿಳಿದು ಮೂತಿಯ ಹಗ್ಗ ಹಿಡಿದುಕೊಂಡಳು. ದೋಣಿಯನ್ನು ಕಟ್ಟೆಗೆ ಎಳೆದು ತರುತ್ತಿದ್ದವಳು ಅರ್ಧದಲ್ಲೇ ನಿಂತಳು. ಮೊದಲ ಸಲ ಅವಳು ದೋಣಿಯ ಒಳಗೆ ನೋಡುತ್ತಿದ್ದಳು.

"ಚೀಲ ಯಾರಾದ್ರೂ ಬಿಚ್ಚಿ ಕಟ್ಟಿದ್ರಾ?"

"ಇಲ್ಲ."

"ಇಲ್ಲಿ ಕಟ್ಟಿದೆ."

"ಹೂಂ. ಸಿಕ್ಕಿದ್ದೇ ಹಾಗೆ."

"ಹೀಗೆ ಕಟ್ಟಲ್ಲ ಮೇಡಂ. ಒಬ್ಬರೇ ಹೋಗುವಾಗ ಚೀಲ ಮುಂದಿನ ಮೂತಿಗೆ ಕಟ್ಬೇಕು. ಅದೇ ಇನ್ನೊಬ್ಬ ಮನುಷ್ಯ ಇದ್ದ ಹಾಗೆ. ಇಲ್ಲಾಂದ್ರೆ ಮೂತಿ ಎದ್ದು, ಇವರು ತಿರುಗಿದ್ರಲ್ಲ, ಹಾಗೇ ತಿರುಗ್ತಾ ಇರುತ್ತೆ. ನಮಗೆ ಮೊದಲನೇ ಪಾಠಾನೇ ಅದು. ಮೇಷ್ಟ್ರೇ ಹೇಳ್ಕೊಟ್ಟಿದ್ದು."

"ಚೀಲ ಮಧ್ಯದಲ್ಲಿ ಕಟ್ಟಿದ್ರೆ?"

ಹುಡುಗಿ ಖಾಲಿಯಿದ್ದ ಮುಂದಿನ ಸೀಟನ್ನು ನೋಡಿದಳು.

"ದೋಣಿಲಿ ಇಬ್ಬರಿದಾರೆ ಅಂತ."

ನೀರು ಕಟ್ಟೆಯ ಕಲ್ಲಿಗೆ ಬಡಿಯುತ್ತಿತ್ತು. ದಫೇದಾರನೂ ತಮಾಷೆ ನಿಲ್ಲಿಸಿದ.

"ಆವತ್ತು ಗಾಳಿ ಇತ್ತಾ?"

"ಎದುರುಗಾಳಿ. ಇವತ್ತಿಗಿಂತ ಜೋರು. ಸರೋವರ ದಾಟೋ ಅಷ್ಟ್ರಲ್ಲಿ ಎಲ್ಲರ ಕೈಯೂ ಬಿದ್ದೋಗಿತ್ತು."

"ಮೇಷ್ಟ್ರು ಎಲ್ಲಿದ್ರು?"

"ಹಿಂದೆ. ಕೊನೆ ದೋಣಿ ಅವರದು."

"ನೋಡಿದ್ಯಾ?"

"ನೋಡೋ ಹಾಗಿಲ್ಲ ಮೇಡಂ."

ಇದು ಆ ಶಿಬಿರದ ಹೆಮ್ಮೆಯ ಪದ್ಧತಿ. ದಿನಕ್ಕೊಬ್ಬರು ನಾಯಕರು. ನಾಯಕರ ಕೊರಳಲ್ಲಿ ಸೀಟಿ. ಆ ದಿನ ಮೇಷ್ಟ್ರು ಕೊನೆಯ ದೋಣಿಯಲ್ಲಿ, ದೂರದಲ್ಲಿ, ಬಾಯಿಗೆ ಬೀಗ ಹಾಕಿಕೊಂಡು ಬರುತ್ತಾರೆ. ಮಕ್ಕಳು ಅವರ ಮುಖ ನೋಡಿ ಸರಿತಪ್ಪು ಊಹಿಸಬಾರದು. ಯಾರೇ ಒಬ್ಬರು ಹಿಂತಿರುಗಿ ನೋಡಿದರೂ ಆ ದಿನದ ನಾಯಕರ ಸೀಟಿ ವಾಪಸು, ಅವರ ದಿನ ರದ್ದು. ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿಸಲು ಅವರು ಕತ್ತನ್ನು ಕಟ್ಟಿಹಾಕಿದ್ದರು.

"ಒಬ್ಬರೂ ತಿರುಗಲಿಲ್ವಾ?"

"ನನ್ನ ದಿನ ಅಲ್ವಾ ಅದು," ಎಂದಳು ಚುಕ್ಕಾಣಿ. "ಎಲ್ಲರೂ ನನಗೋಸ್ಕರ ಕತ್ತು ಹಿಡ್ಕೊಂಡು ಕೂತಿದ್ರು."

"ಹಾಗಾದ್ರೆ ಹಿಂದೆ ಜನ ಇದಾರೋ ಮುಳುಗಿದಾರೋ ಹೇಗೆ ಗೊತ್ತಾಗುತ್ತೆ?"

"ತಟ್ಟು."

ಅವಳು ದಫೇದಾರನ ಕೈಯಿಂದ ಹುಟ್ಟು ತೆಗೆದುಕೊಂಡು ಅದರ ಹಿಡಿಯಿಂದ ದೋಣಿಯ ಅಂಚಿಗೆ ಒಂದೇಟು ಹಾಕಿದಳು. ಮರದ ಒಣ ಸದ್ದು ನೀರಿನ ಮೇಲೆ ಜಾರಿಕೊಂಡು ದೂರ ಹೋಯಿತು.

"ನಾನು ಸೀಟಿ ಊದ್ತೀನಿ. ಮುಂದಿನ ದೋಣಿಯಿಂದ ಶುರುಮಾಡಿ ಒಬ್ಬೊಬ್ಬರೂ ಒಂದೊಂದು ಸಲ ತಟ್ಟಬೇಕು. ದೋಣಿಗೆ ಎರಡು. ನಮ್ಮದು ಮೂರು ದೋಣಿ. ಕೊನೇಲಿ ಮೇಷ್ಟ್ರದು ಒಂದು. ತಿರುಗದೇನೇ ಲೆಕ್ಕ ಸಿಗುತ್ತೆ."

"ಆವತ್ತು ಸಿಕ್ತಾ?"

ಚುಕ್ಕಾಣಿ ನೀರಲ್ಲೇ ನಿಂತಿದ್ದಳು. ತುಟಿ ನೀಲಿಯಾಗತೊಡಗಿತ್ತು. ಮೇಲೆ ಬಾ ಎಂದರೂ ಬರಲಿಲ್ಲ.

"ಸರೋವರದ ಮಧ್ಯ ಊದ್ದೆ. ನಮ್ಮ ಮೂರು ದೋಣಿದು ಸರಿಯಾಗಿ ಬಂತು. ಕೊನೆ ದೋಣಿಯಿಂದ ಎರಡು ಬಂತು ಮೇಡಂ."

"ಎರಡು."

"ಬಂಡೆಗೆ ಬಡಿದು ವಾಪಸ್ ಬಂದ ಸದ್ದು ಅಂದ್ಕೊಂಡೆ. ತಿರುಗಿ ನೋಡಿದ್ರೆ ದಿನ ಹೋಗುತ್ತೆ. ನೋಡ್ಲಿಲ್ಲ." ಅವಳ ಕಣ್ಣು ಚೀಲದ ಮೇಲೆಯೇ ಇತ್ತು. "ಆಮೇಲೆ ಸೆಳವು ಇಳಿದು, ಕೆಳಗಿನ ಮಡುವಲ್ಲಿ ನಿಂತು ಮತ್ತೆ ಊದ್ದೆ. ಹುಡುಗರೆಲ್ಲ ಖುಷಿಗೆ ಕೂಗಾಡ್ತಿದ್ರು. ನೀರಿನ ಗಲಾಟೆ ಬೇರೆ. ಆದ್ರೂ ಕೇಳಿಸ್ತು. ಕೊನೆ ದೋಣಿಯಿಂದ ಒಂದು. ಒಂದೇ."

"ಸೆಳವು ಇಳಿದ ಮೇಲೆ?"

"ಇಳಿದ ಮೇಲೆ."

"ಅಂದ್ರೆ ಆ ದೋಣಿ ಸೆಳವಲ್ಲಿ ಮಗುಚಿರಲಿಲ್ಲ. ಅದರಲ್ಲಿ ಯಾರೋ ಬದುಕಿದ್ರು. ಇದನ್ನ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಹೇಳಿದೆ. ಆ ಒಂದರ ವಿಷಯ ನಿರ್ದೇಶಕ ಸರ್‌ಗೆ ಹೇಳಿದೆ. ಅದು ನೀರಿನ ಸದ್ದು, ತಪ್ಪು ಮಾಡಿದ ಮನಸ್ಸು ನೆಪ ಹುಡುಕುತ್ತೆ, ನಾಯಕಿ ನೆಪ ಹೇಳಬಾರದು ಅಂದ್ರು. ಅಪ್ಪಾನೂ ಅದನ್ನೇ ಅಂದ್ರು." ಅವಳ ದನಿ ಕುಸಿಯಿತು. "ಆಮೇಲಾಮೇಲೆ ನಂಗೂ ಹಾಗೇ ಅನಿಸ್ತು."

ಇನ್‌ಸ್ಪೆಕ್ಟರ್ ಬೂಟು ಸಮೇತ ನೀರಿಗಿಳಿದು ಅವಳ ರಟ್ಟೆ ಹಿಡಿದು ದಡ ಹತ್ತಿಸಿದಳು. ತನ್ನ ಕೋಟು ಬಿಚ್ಚಿ ಹೊದಿಸಿದಳು.

"ಕೇಳಿಲ್ಲಿ. ನಿನ್ನ ಕಿವಿ ಸರಿಯಾಗಿದೆ. ಸರಿ ಇಲ್ಲದೇ ಇರೋದು ದೊಡ್ಡವರ ಕಿವಿ. ನೀನು ಯಾವ ಹಾಳೆಗೂ ಸಹಿ ಹಾಕೋದು ಬೇಡ. ಮೇಷ್ಟ್ರು ನಿನ್ನ ತೀರ್ಮಾನದಿಂದ ಸಾಯ್ಲಿಲ್ಲ."

ಚುಕ್ಕಾಣಿ ಅಳಲಿಲ್ಲ. ಬಹಳ ಹೊತ್ತು ಭಾರ ಹೊತ್ತವರು ಇಳಿಸಿದ ಮೇಲೂ ಬಗ್ಗಿಯೇ ನಿಲ್ಲುವ ಹಾಗೆ ನಿಂತಿದ್ದಳು.

"ಈಗ ಹೋಗಿ ಅಪ್ಪನ ಹತ್ರ ಕೂತ್ಕೋ. ತಟ್ಟಿನ ವಿಷಯ ಅವರೊಬ್ಬರನ್ನ ಬಿಟ್ಟು ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ಅಪ್ಪನ ಹತ್ರಾನಾ?"

"ಹೂಂ. ಹೋಗು."

ಹುಡುಗಿ ಎರಡು ಹೆಜ್ಜೆ ಇಟ್ಟು ಒಮ್ಮೆ ಹಿಂತಿರುಗಿ ನೋಡಿದಳು. ಕೋಟನ್ನು ಎದೆಗೆ ಅವಚಿಕೊಂಡು ಅಂಗಳದ ಕಡೆ ನಡೆದಳು.

*

ಶಿಬಿರದ ಮಕ್ಕಳೆಲ್ಲ ‘ಅಕ್ಕ’ ಎನ್ನುವ ಸಹಾಯಕ ಶಿಕ್ಷಕಿ ಯಾನದ ದಿನದಿಂದ ಮಹಡಿಯ ಕೋಣೆಯಲ್ಲಿ ಜ್ವರದಿಂದ ಮಲಗಿದ್ದಳು. ಜ್ವರ ಅಂಟೀತೆಂದು ಶಿಬಿರದವರು ಯಾರೂ ಆ ಕಡೆ ಸುಳಿದಿರಲಿಲ್ಲ. ಹೊತ್ತುಹೊತ್ತಿಗೆ ಬಾಗಿಲ ಹೊರಗೆ ತಟ್ಟೆ ಇಟ್ಟು ಹೋಗುತ್ತಿದ್ದರು. ತಟ್ಟೆ ಖಾಲಿಯಾದರೆ ಜ್ವರ ಇಳಿದಿದೆ ಎಂದೂ, ಆಗದಿದ್ದರೆ ಏರಿದೆ ಎಂದೂ ನಿರ್ದೇಶಕರು ಕೆಳಗಿನಿಂದಲೇ ವೈದ್ಯಕೀಯ ವರದಿ ತಯಾರಿಸುತ್ತಿದ್ದರು.

ಇನ್‌ಸ್ಪೆಕ್ಟರ್ ಬಾಗಿಲು ಹಾಕಿಕೊಂಡು, ಹಾಸಿಗೆಯ ಪಕ್ಕಕ್ಕೆ ಸ್ಟೂಲು ಎಳೆದು ಕೂತಳು.

"ಜ್ವರ ಹೇಗಿದೆ?"

"ಸ್ವಲ್ಪ ಪರವಾಗಿಲ್ಲ ಮೇಡಂ."

"ಮೇಷ್ಟ್ರ ದೋಣಿಲಿ ಮುಂದಿನ ಸೀಟು ಹೇಗಿತ್ತು? ಆರಾಮಾಗಿತ್ತಾ?"

ಅಕ್ಕ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು.

"ನೀವು ಏನು ಹೇಳ್ತಿದೀರೋ ಅರ್ಥ ಆಗ್ತಿಲ್ಲ."

"ಕೈ ಹೊರಗಿಡಿ."

"ಚಳಿ ಮೇಡಂ."

"ಬೇಸಿಗೆ ಇದು. ಕೈ ಹೊರಗಿಡಿ."

ಬೆರಳ ಗೆಣ್ಣುಗಳ ಮೇಲೆ ಚರ್ಮವಿರಲಿಲ್ಲ. ಎರಡು ಉಗುರು ಬುಡದವರೆಗೆ ಸೀಳಿದ್ದವು. ಗಾಯ ಒಣಗಿ ಕಪ್ಪಾಗಿತ್ತು.

"ಇದು ಯಾವ ಜ್ವರ? ಕಲ್ಲಿಗೆ ಗೆಣ್ಣು ತೇಯೋ ಜ್ವರ ನಾನಂತೂ ಕೇಳಿಲ್ಲ." ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ, ಇಳಿಸಿದಳು. "ಸರೋವರದಲ್ಲಿ ಆ ದೋಣಿಯಿಂದ ಎರಡು ತಟ್ಟು. ಸೆಳವಿನ ಕೆಳಗೆ ಒಂದು. ಮಕ್ಕಳೆಲ್ಲ ಅವರವರ ದೋಣಿಲಿದ್ರು. ನಿರ್ದೇಶಕರು ದಿನವಿಡೀ ಸಭೆಲಿದ್ರು, ಅಡುಗೆಯವರು ಅವರಿಗೆ ಕಾಫಿ ಹೊತ್ತು ಹೊತ್ತು ಸುಸ್ತಾಗಿದ್ರು. ಉಳಿದೋರು ಯಾರು? ತಟ್ಟೋ ಪದ್ಧತಿ ಗೊತ್ತಿರೋರು, ಸೆಳವಲ್ಲಿ ಒಬ್ಬರೇ ದೋಣಿ ಇಳಿಸಬಲ್ಲೋರು ಯಾರು?"

ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಕೆಳಗೆ ಒಂದು ಮಗು ಕೊಲೆಯನ್ನ ತನ್ನ ಮೇಲೆ ಹಾಕ್ಕೊಳ್ಳೋಕೆ ಪೆನ್ನು ಹಿಡ್ಕೊಂಡು ಕೂತಿತ್ತು. ನೀನು ಇಲ್ಲಿ ಕಂಬಳಿ ಹೊದ್ಕೊಂಡು, ಅದು ಸಹಿ ಹಾಕೋವರೆಗೂ ಕಾಯ್ತಾ ಇದ್ದೆ. ಅಕ್ಕ ಅಂತಾರಂತೆ ನಿನ್ನ. ಎಲ್ಲಿಗೆ ತಳ್ದೆ ಅವರನ್ನ?"

‘ನೀವು’ ಹೋಗಿ ‘ನೀನು’ ಬಂದದ್ದು ಅಕ್ಕನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಎದ್ದು ಕೂತಳು.

"ಅವರ ಕಾಲಲ್ಲಿ ಏನಿತ್ತು ಅಂತ ನೋಡಿದ್ರಾ ಮೇಡಂ?"

ಇನ್‌ಸ್ಪೆಕ್ಟರ್ ನೋಡಿದ್ದಳು. ನಡೆಯುವ ಬೂಟು. ಕಣಕಾಲಿನವರೆಗೆ ಬಿಗಿದು ಲಾಡಿ ಕಟ್ಟಿತ್ತು.

"ದೋಣಿಲಿ ಯಾರೂ ಬೂಟು ಹಾಕಲ್ಲ. ನೀರಿಗೆ ಬಿದ್ರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಮಕ್ಕಳಿಗೆ ಅದನ್ನ ಹೇಳ್ಕೊಡೋರೇ ಅವರು. ನಾನು ತಳ್ಳೋದಾದ್ರೆ ಬೂಟು ಹಾಕ್ಸಿ, ಲಾಡಿ ಕಟ್ಟಿ ತಳ್ತೀನಾ?"

"ಹಾಗಾದ್ರೆ ಹೇಳು."

"ಸೆಳವಿನ ಮೇಲ್ಗಡೆ ಹೊರೆದಾರಿ ಶುರುವಾಗುತ್ತಲ್ಲ. ಸೆಳವು ಬೇಡ ಅಂದೋರು ದೋಣಿ ಹೊತ್ಕೊಂಡು ನಡೆಯೋ ದಾರಿ. ಮಕ್ಕಳು ಕೆಳಗಿಳಿದ ಮೇಲೆ ಮೇಷ್ಟ್ರು ಅಲ್ಲಿ ದಡಕ್ಕಿಳಿದ್ರು. ಬೂಟು ಹಾಕ್ಕೊಂಡ್ರು. ‘ಒಂದು ಮಾತಾಡೋದಿದೆ, ಮುಗಿಸ್ಕೊಂಡು ನಡ್ಕೊಂಡೇ ಕೆಳಗೆ ಬರ್ತೀನಿ, ನೀನು ದೋಣಿ ಇಳಿಸು’ ಅಂದ್ರು. ಜೀವಂತ ಇದ್ರು ಮೇಡಂ. ನಗ್ತಾ ಇದ್ರು."

"ಅದಕ್ಕೆ ನಿನಗೆ ಜ್ವರ ಯಾಕೆ ಬರ್ಬೇಕಿತ್ತು?"

"ಮೇಷ್ಟ್ರು ಹಿಂದೆ ಇಲ್ಲ ಅಂದ್ರೆ ಚುಕ್ಕಾಣಿ ದಿನ ರದ್ದಾಗ್ತಿತ್ತು. ಅವಳ ದಿನ ಅವಳಿಗೆ ಸಿಗ್ಲಿ ಅಂತ ಅವರಿಗೆ. ಅದಕ್ಕೇ ನನ್ನನ್ನ ಜ್ವರ ಅಂತ ಮಲಗಿಸಿ, ಮಕ್ಕಳು ಹೊರಟ ಮೇಲೆ ಮುಂದಿನ ಸೀಟಲ್ಲಿ ಕೂರಿಸ್ಕೊಂಡ್ರು. ಹೇಗೂ ಯಾರೂ ತಿರುಗಿ ನೋಡಲ್ಲ. ಸರೋವರದಲ್ಲಿ ಸೀಟಿ ಕೇಳಿದಾಗ ನಾನು ಅಭ್ಯಾಸ ಬಲದಿಂದ ತಟ್ಟಿಬಿಟ್ಟೆ. ‘ಅಯ್ಯೋ ಪೆದ್ದಿ’ ಅಂತ ಬೈದ್ರು." ಅಕ್ಕ ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡಳು. "ಕೆಳಗಿನ ಮಡುವಲ್ಲಿ ಅವರ ಬದಲಿಗೆ ಒಂದು ತಟ್ಟಿದೆ. ಮಕ್ಕಳು ಮುಂದೆ ಹೋದ್ರು. ನಾನು ಕಾದೆ. ಬರಲೇ ಇಲ್ಲ. ದಾರಿ ಹತ್ತಿ ನೋಡಿದ್ರೆ, ಕೆಳಗೆ ಬಂಡೆ ಸಂದಿಲಿ ಬಿದ್ದಿದ್ರು. ಎಳೆದೆ. ಎಷ್ಟೋ ಎಳೆದೆ."

ಅವಳು ಕೈಗಳನ್ನು ತಿರುಗಿಸಿ ನೋಡಿಕೊಂಡಳು, ಅವು ಬೇರೆ ಯಾರದೋ ಎಂಬಂತೆ.

"ದೋಣಿ ಮಗುಚಿದ್ದು?"

"ನಾನೇ. ನಾನಲ್ಲಿದ್ದೆ ಅಂತ ಗೊತ್ತಾದ್ರೆ ನಾನೇ ಕೊಂದೆ ಅಂತಾರೆ ಅನ್ಕೊಂಡೆ. ನೀವೂ ಈಗ ಅದನ್ನೇ ತಾನೇ ಅಂದಿದ್ದು. ಹೊಳೆ ಪಕ್ಕದ ಗಾಡಿರಸ್ತೇಲಿ ನಡ್ಕೊಂಡು ವಾಪಸ್ ಬಂದು ಮಲಗಿದೆ. ಆವತ್ತಿಂದ ನಿಜವಾಗ್ಲೂ ಜ್ವರ."

"ಮೇಷ್ಟ್ರು ಯಾರ ಹತ್ರ ಮಾತಾಡೋಕೆ ಹೋದ್ರು?"

ಅಕ್ಕ ಬಾಗಿಲನ್ನು ನೋಡಿದಳು. ಚಿಲಕ ಹಾಕಿದೆಯೆಂದು ಖಾತ್ರಿಯಾದ ಮೇಲೂ ದನಿ ಪಿಸುಗುಟ್ಟಿತು.

"ಚುಕ್ಕಾಣಿ ಟೆಂಟಲ್ಲಿ ನನ್ನ ಪಕ್ಕ ಮಲಗ್ತಿದ್ಲು. ನಿದ್ದೇಲಿ ಕನವರಿಸ್ತಾಳೆ. ‘ಬೇಡಪ್ಪ, ಬೇಡಪ್ಪ’ ಅಂತ. ದಿನಾ ಅದೇ. ನಾನು ಮೇಷ್ಟ್ರಿಗೆ ಹೇಳಿದೆ. ಅವರು ಆ ಹುಡುಗಿ ಹತ್ರ ಕೂತು ಮಾತಾಡಿದ್ರು. ಅವಳು ಏನು ಹೇಳಿದ್ಲೋ ನಂಗೆ ಹೇಳ್ಲಿಲ್ಲ. ಆವತ್ತು ಊಟ ಮಾತ್ರ ಮಾಡ್ಲಿಲ್ಲ. ನಿರ್ದೇಶಕರಿಗೆ ತಿಳಿದ್ರೆ ಸಂಸ್ಥೆ ಹೆಸರು ಅಂತ ಮುಚ್ಚಿಹಾಕ್ತಾರೆ, ಮೊದಲು ಅವಳ ಅಪ್ಪನ್ನ ಸೆಳವಿನ ಹತ್ರಕ್ಕೆ ಕರೆಸಿ ಮುಖ ನೋಡಿ ಕೇಳ್ತೀನಿ, ಆಮೇಲೆ ಪೊಲೀಸು ಅಂದ್ರು."

ಇನ್‌ಸ್ಪೆಕ್ಟರ್ ಸ್ಟೂಲಿನಿಂದ ಅರ್ಧ ಎದ್ದಿದ್ದಳು.

"ನಿನ್ನೆ ಇಲ್ಲಿಗೇ ಬಂದಿದ್ರು ಮೇಡಂ. ಒಬ್ಬರೇ. ಜ್ವರ ಹೇಗಿದೆ ಅಂತ ಕೇಳಿದ್ರು. ನಾನು ಉತ್ತರ ಕೊಡೋ ಮುಂಚೆ ‘ಬಾಯಿ ತೆಗಿಯಮ್ಮ’ ಅಂದ್ರು. ಟಾರ್ಚು ಹಾಕಿ ಗಂಟಲು ನೋಡಿದ್ರು. ಗಲ್ಲ ಹಿಡ್ಕೊಂಡಿದ್ರು, ಬಿಡ್ಲಿಲ್ಲ. ‘ಸ್ವಲ್ಪ ದಿನ ಮಾತಾಡ್ಬೇಡ. ಮಾತಾಡದೇ ಇದ್ರೆ ಎಲ್ಲ ವಾಸಿ ಆಗುತ್ತೆ’ ಅಂದ್ರು."

ಕಿಟಕಿಗೆ ಎರಡೇ ಹೆಜ್ಜೆ. ಇನ್‌ಸ್ಪೆಕ್ಟರ್ ಪರದೆಯನ್ನು ಕಿತ್ತು ಬರುವ ಹಾಗೆ ಸರಿಸಿದಳು.

ಕೆಳಗೆ ಅಂಗಳದಲ್ಲಿ ಬಸ್ಸು ನಿಂತಿತ್ತು. ಮಕ್ಕಳು ಚೀಲ ಏರಿಸುತ್ತಿದ್ದರು. ಆಚೆ ಬೇಲಿಯ ಬಳಿ ಹಲ್ಲಿನ ಡಾಕ್ಟರ ಕಾರು. ಮುಂದಿನ ಸೀಟಿನಲ್ಲಿ, ಪೊಲೀಸ್ ಕೋಟು ಹೊದ್ದುಕೊಂಡು ಚುಕ್ಕಾಣಿ ಕೂತಿದ್ದಳು. ಒಂದೇ ಸಮನೆ ಏನೋ ಹೇಳುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಮಾತು ಸಿಕ್ಕವಳ ಹಾಗೆ. ಡಾಕ್ಟರು ತೆರೆದ ಬಾಗಿಲಿಗೆ ಬಗ್ಗಿ, ತಲೆ ಒಂದು ಕಡೆಗೆ ಓರೆ ಮಾಡಿಕೊಂಡು, ಅಡ್ಡಮಾತಾಡದೆ ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ ಮಗಳ ತಲೆ ಸವರಿ ಬಾಗಿಲು ಹಾಕಿದರು. ಸುತ್ತು ಹಾಕಿ ಬಂದು ತಾವೂ ಕೂತರು.

ಇನ್‌ಸ್ಪೆಕ್ಟರ್ ಮೆಟ್ಟಿಲು ಇಳಿದದ್ದು ಕಾಲಿನಿಂದಲೋ ಕೈಯಿಂದಲೋ ಅವಳಿಗೇ ಗೊತ್ತಾಗಲಿಲ್ಲ. ಬಾಗಿಲು ದಾಟಿ ಅಂಗಳಕ್ಕೆ ಬಿದ್ದಾಗ ದಫೇದಾರ ಗೇಟಿನ ಕಡೆಯಿಂದ, ಒದ್ದೆ ಪ್ಯಾಂಟು ಕೊಡವುತ್ತ, ಎದುರಿಗೆ ಬರುತ್ತಿದ್ದ.

"ದಫೇದಾರ್ರೇ, ಆ ಕಾರು."

"ಹೋಯ್ತು ಮೇಡಂ. ಈಗ ತಾನೇ. ಮಗಳು ಸುಸ್ತಾಗಿದಾಳೆ, ಸ್ವಲ್ಪ ಗಾಳಿಗೆ ಸುತ್ತಾಡಿಸ್ಕೊಂಡು ಬರ್ತೀನಿ ಅಂದ್ರು ಡಾಕ್ಟರು. ಬಿಡೋ ಹಾಗಿಲ್ಲ ಅಂದೆ. ಆ ಮಗೂನೇ ಹೇಳ್ತು, ಅಪ್ಪನ ಜೊತೆ ಇರು ಅಂತ ಮೇಡಮ್ಮೇ ಕಳ್ಸಿದಾರೆ ಅಂತ. ನೀವೇ ಹೇಳಿದ್ದು ತಾನೇ? ಗೇಟು ತೆಗೆದೆ."

ತೆರೆದ ಗೇಟಿನಾಚೆ ಧೂಳು ಇನ್ನೂ ಕೂತಿರಲಿಲ್ಲ. ಅಲ್ಲಿಂದ ರಸ್ತೆ ಎರಡಾಗುತ್ತಿತ್ತು. ಊರಿನ ದಾರಿ ಎಡಕ್ಕೆ, ಡಾಂಬರು ಹಾಕಿದ್ದು. ಬಲಕ್ಕೆ ಹೊಳೆಯಗುಂಟ ಸೆಳವಿನವರೆಗೆ ಹೋಗುವ ಗಾಡಿರಸ್ತೆ. ಅದು ಅಲ್ಲಿಗೇ ಮುಗಿಯುತ್ತದೆ.

ಧೂಳು ಎದ್ದಿದ್ದು ಬಲಕ್ಕೆ.